ಮೂವತ್ತಾರು ಗಂಟೆಯ ಹಿಂದಿನ ಹದಿನೈದು ವರ್ಷ

ಡಿಸೆಂಬರ್ 19 ಬಂತೆಂದರೆ ಗೋವಾದಲ್ಲಿ ವಿಮೋಚನಾ ದಿನದ ಸರಕಾರಿ ರಜೆ. ವಾಸ್ಕೋದ ಬಾಯ್ನಾ, ಝುವಾರಿನಗರದಲ್ಲಿ ಇರುವ ನಮ್ಮ ಕಡೆಯ ದುಡಿಯುವ ಮಂದಿಗೆ ಅವತ್ತು ರಜೆ ಸಿಕ್ಕರೂ ಸಿಕ್ಕಿತು, ಸಿಗದಿದ್ದರೂ ಇಲ್ಲ. ಆದರೆ ಊರಿನಿಂದ ಹೊಸದಾಗಿ ಬಂದವರು ಒಂದಲ್ಲ ಒಂದು ವರ್ಷ ಕೇಳಿಯೇ ಕೇಳುತ್ತಾರೆ: "ಅಲ್ರೀ ಸರ, ನಮಗ ನಲವತ್ತೇಳರಾಗ ಸಿಕ್ಕದ್ದು ಇವರಿಗೆ ಅರವತ್ತೊಂದರ ತನಕ ಯಾಕ ಸಿಗಲಿಲ್ಲ?"

ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ. ಇಲ್ಲಿ ಪೋರ್ಚುಗೀಸರಿದ್ದರು, 450 ವರ್ಷ ಆಳಿದರು, ಕೊನೆಗೆ ನಮ್ಮ ಸೈನ್ಯ ಬಂದು ಮೂವತ್ತಾರು ಗಂಟೆಯಲ್ಲಿ ಅವರನ್ನು ಓಡಿಸಿತು. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಮುಕ್ಕಾಲು ಕತೆ ಬಿಟ್ಟುಹೋಗಿದೆ. ಮೂವತ್ತಾರು ಗಂಟೆ ಎಂದು ಹೇಳಿ ಮುಗಿಸಿದರೆ ಗೋವಾದ ಸ್ವಾತಂತ್ರ್ಯ ಅಗ್ಗಕ್ಕೆ ಸಿಕ್ಕಿತೇನೋ ಎನಿಸುತ್ತದೆ. ಅದರ ಬೆಲೆಯನ್ನು ಅದಕ್ಕೂ ಮೊದಲೇ, ಹದಿನೈದು ವರ್ಷಗಳ ಉದ್ದಕ್ಕೆ, ಜೈಲಿನಲ್ಲಿ ಕಳೆದ ವರ್ಷಗಳ ಲೆಕ್ಕದಲ್ಲಿ ಬೇರೆ ಬೇರೆ ಜನ ತೆತ್ತಿದ್ದರು. ಕೆಲವರು 1961 ದಾಟಿದ ಮೇಲೂ ತೆರುತ್ತಲೇ ಇದ್ದರು.

ಮೊದಲು ಆ 450 ವರ್ಷದ ಮಾತನ್ನು ಸ್ವಲ್ಪ ಸರಿಪಡಿಸಿಕೊಳ್ಳೋಣ. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾ ಕಸಿದುಕೊಂಡ. ಅವನ ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಅವರ ಕೈಯಲ್ಲಿದ್ದದ್ದು ತಿಸವಾಡಿ, ಬಾರ್ದೇಶ, ಸಾಷ್ಟಿಯಂಥ ಕರಾವಳಿಯ ಹಳೆಯ ಭಾಗಗಳು ಮಾತ್ರ. ಒಳನಾಡು ಅವರಿಗೆ ದಕ್ಕಿದ್ದು 18ನೇ ಶತಮಾನದಲ್ಲಿ. ಫೋಂಡಾ, ಸಾಂಗೆ, ಕೆಪೆ, ಕಾಣಕೋಣಗಳ ಕತೆಯಲ್ಲಂತೂ ನಮ್ಮ ಉತ್ತರ ಕನ್ನಡದ ಸೋದೆಯ ಅರಸರೇ ಇದ್ದಾರೆ. ಹೈದರಾಲಿಯ ದಾಳಿಗೆ ಹೆದರಿ 1763-64ರ ಸುಮಾರಿಗೆ ಸೋದೆ ಬಿಟ್ಟ ಅರಸು ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯ ಪಡೆದ, ಫೋಂಡಾದ ಪಕ್ಕದ ಬಾಂದೋಡೆಯಲ್ಲಿ ನೆಲೆ ನಿಂತ, ಆ ತಾಲೂಕುಗಳು ಪೋರ್ಚುಗೀಸರ ಪಾಲಾದವು. ಹೀಗಾಗಿ ಗೋವಾದ ಅರ್ಧಕ್ಕಿಂತ ಹೆಚ್ಚು ನೆಲದ ಮಟ್ಟಿಗೆ ಪೋರ್ಚುಗೀಸ್ ಆಳ್ವಿಕೆ ಎಂದರೆ ಇನ್ನೂರು ವರ್ಷಕ್ಕಿಂತ ಕಡಿಮೆ. ಜನ ಸುಮ್ಮನೆ ಕೂತಿರಲೂ ಇಲ್ಲ. 1583ರಲ್ಲಿ ಕುಂಕಳ್ಳಿಯವರು ಎದ್ದರು, 1787ರಲ್ಲಿ ಪಿಂಟೊಗಳು, 19ನೇ ಶತಮಾನದಲ್ಲಿ ಸತ್ತರಿಯ ರಾಣೆಗಳು ಮತ್ತೆ ಮತ್ತೆ ದಂಗೆಯೆದ್ದರು. ಒಂದೊಂದಕ್ಕೂ ಒಂದೊಂದು ಲೇಖನ ಬೇಕು, ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಮದುವೆ ಕರೆಯೋಲೆಗೂ ಸೆನ್ಸಾರು

ಬ್ರಿಟಿಷರ ವಿರುದ್ಧ ನಡೆದ ಸತ್ಯಾಗ್ರಹ ಗೋವಾದಲ್ಲಿ ಯಾಕೆ ನಡೆಯಲಿಲ್ಲ ಎಂಬುದೇ ಇಡೀ ವಿಷಯದ ಗಂಟು. ಇದು ಗೋವಾದವರ ಧೈರ್ಯದ ಪ್ರಶ್ನೆಯಲ್ಲ. ಎದುರಿಗಿದ್ದ ಸರಕಾರದ ಜಾತಿಯೇ ಬೇರೆಯಾಗಿತ್ತು.

ಬ್ರಿಟಿಷ್ ಇಂಡಿಯಾದಲ್ಲಿ ದಬ್ಬಾಳಿಕೆ ಇತ್ತು, ನಿಜ. ಆದರೆ ಪತ್ರಿಕೆಗಳಿದ್ದವು, ವಕೀಲರಿದ್ದರು, ಪ್ರಾಂತ್ಯಗಳಲ್ಲಿ ಚುನಾವಣೆ ನಡೆಯುತ್ತಿತ್ತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ವಿರೋಧ ಪಕ್ಷ ಇತ್ತು. ಗಾಂಧೀಜಿ ಉಪ್ಪು ಹೆಕ್ಕಿದರೆ ಅದು ಮರುದಿನ ಜಗತ್ತಿಗೆ ಗೊತ್ತಾಗುತ್ತಿತ್ತು. ಸತ್ಯಾಗ್ರಹಕ್ಕೆ ನೋಡುವ ಕಣ್ಣು ಬೇಕು. ಪೋರ್ಚುಗಲ್‌ನಲ್ಲಿ ಆ ಕಣ್ಣನ್ನೇ ಮುಚ್ಚಿಸಲಾಗಿತ್ತು. 1932ರಲ್ಲಿ ಪ್ರಧಾನಿಯಾದ ಸಾಲಾಜಾರ್ ಸ್ವಂತ ದೇಶದ ಪ್ರಜೆಗಳಿಗೇ ಮಾತಾಡುವ ಹಕ್ಕು ಕೊಟ್ಟಿರಲಿಲ್ಲ. ಲಿಸ್ಬನ್ನಿನಲ್ಲಿ ಇಲ್ಲದ್ದು ಪಣಜಿಯಲ್ಲಿ ಎಲ್ಲಿಂದ ಬರಬೇಕು? 1930ರಲ್ಲಿ ಹೊರಟ ವಸಾಹತು ಕಾಯ್ದೆ ಗೋವಾದವರನ್ನು ಎರಡನೇ ದರ್ಜೆಗೆ ತಳ್ಳಿತು. ಸಭೆ ಸೇರಲು ಮುಂಚಿತ ಅನುಮತಿ ಬೇಕು. ಅಚ್ಚಾಗುವುದೆಲ್ಲ ಸೆನ್ಸಾರಿನ ಕೈದಾಟಿ ಬರಬೇಕು, ಮದುವೆಯ ಕರೆಯೋಲೆ ಕೂಡ. ರಾಜಕೀಯ ಕೈದಿಗಳ ವಿಚಾರಣೆ ನಡೆಸುತ್ತಿದ್ದದ್ದು ಮಿಲಿಟರಿ ನ್ಯಾಯಮಂಡಳಿ.

ಈ ವ್ಯವಸ್ಥೆ ಎಷ್ಟು ಅಂಜುಬುರುಕವಾಗಿತ್ತು ಎಂಬುದಕ್ಕೆ ಡಾ. ಪುಂಡಲೀಕ ಗಾಯತೊಂಡೆ ಅವರ ಪ್ರಸಂಗ ಸಾಕು. 1954ರ ಫೆಬ್ರುವರಿಯಲ್ಲಿ ಒಂದು ಔತಣಕೂಟ. ಮಾತಾಡಿದವರೊಬ್ಬರು ಗೋವಾ ಪೋರ್ಚುಗಲ್ಲಿನದೇ ಎಂಬ ಅರ್ಥದಲ್ಲಿ ಏನೋ ಹೇಳಿದರು. ಈ ಸರ್ಜನ್ ಕೂತಲ್ಲೇ ಪ್ರತಿಭಟಿಸುತ್ತೇನೆ ಎಂದರು, ಅಷ್ಟೇ. ಭಾಷಣವಿಲ್ಲ, ಘೋಷಣೆಯಿಲ್ಲ. ಅವರನ್ನು ಹಿಡಿದು ಪೋರ್ಚುಗಲ್ಲಿಗೆ ಗಡೀಪಾರು ಮಾಡಿದರು. ಅವರ ಹೆಂಡತಿ ಎಡಿಲಾ ಸ್ವತಃ ಪೋರ್ಚುಗೀಸ್ ಹೆಣ್ಣುಮಗಳು, ಅದೂ ಅವರನ್ನು ಉಳಿಸಲಿಲ್ಲ.

ಗಡೀಪಾರು ಎಂಬ ಈ ಶಿಕ್ಷೆಯನ್ನು ಇನ್ನೂ ಸ್ವಲ್ಪ ನೋಡಬೇಕು. ಯೆರವಡದಲ್ಲೋ ಹಿಂಡಲಗಾದಲ್ಲೋ ಕೈದಿಯಾದವನ ಮನೆಯವರು ಕಷ್ಟಪಟ್ಟಾದರೂ ಹೋಗಿ ಮುಖ ನೋಡಿ ಬರಬಹುದಿತ್ತು. ಗೋವಾದ ಕೈದಿಯನ್ನು ಹಡಗು ಹತ್ತಿಸಿ ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ಒಯ್ದರೆ ಮುಗಿಯಿತು. ಅಟ್ಲಾಂಟಿಕ್ ದಂಡೆಯ ಆ ಕೋಟೆಗೆ ಮಡಗಾಂವದ ತಾಯಿಯೊಬ್ಬಳು ಹೇಗೆ ಹೋಗಬೇಕು? ಸಾಲಾಜಾರನ ಲೆಕ್ಕಾಚಾರ ಇದೇ. ನಾಯಕ ಊರಿನ ಜೈಲಿನಲ್ಲಿದ್ದರೆ ಜನ ಆ ಜೈಲಿನ ಸುತ್ತ ಸೇರುತ್ತಾರೆ. ನಾಯಕ ಸಮುದ್ರದ ಆಚೆಗಿದ್ದರೆ ಸೇರುವುದು ಎಲ್ಲಿ?

1946ರ ಮಳೆಗಾಲ

ಗೋವಾ ಕಾಂಗ್ರೆಸ್ ಸಮಿತಿಯನ್ನು ಟ್ರಿಸ್ಟಾವೊ ಬ್ರಾಗಾಂಜಾ ಕುನ್ಹಾ 1928ರಲ್ಲೇ ಕಟ್ಟಿದ್ದರು. ಆದರೆ ಚಳವಳಿ ಬೀದಿಗೆ ಇಳಿದದ್ದು ರಾಮ ಮನೋಹರ ಲೋಹಿಯಾ ಬಂದ ಮೇಲೆ. ಅವರು ಬಂದದ್ದು ಕ್ರಾಂತಿ ಮಾಡುವುದಕ್ಕಲ್ಲ, ವಿಶ್ರಾಂತಿಗೆ. ಕ್ವಿಟ್ ಇಂಡಿಯಾ ಚಳವಳಿಯ ಜೈಲುವಾಸ ಮುಗಿಸಿ ಬಂದ ದಣಿದ ದೇಹ, ಅಸೋಳ್ಣಾದಲ್ಲಿ ಬರ್ಲಿನ್ ದಿನಗಳ ಗೆಳೆಯ ಡಾ. ಜುಲಿಯಾವೊ ಮೆನೆಜಿಸ್ ಅವರ ಮನೆ. ಸುದ್ದಿ ಹಬ್ಬಿ ಜನ ಬರತೊಡಗಿದರು, ಗೋಳು ಹೇಳಿಕೊಂಡರು. 1946ರ ಜೂನ್ 18ರಂದು ಮಡಗಾಂವದಲ್ಲಿ, ಸುರಿಯುವ ಮಳೆಯಲ್ಲಿ, ಅನುಮತಿಯಿಲ್ಲದ ಸಭೆ. ಮಿರಾಂಡಾ ಎಂಬ ಪೊಲೀಸ್ ಕಪ್ತಾನ ಪಿಸ್ತೂಲು ತೋರಿಸಿದ. ಲೋಹಿಯಾ ಅವನ ಕೈ ಹಿಡಿದು ಬದಿಗೆ ಸರಿಸಿ ಮುಂದೆ ನಡೆದರು. ಅವರನ್ನೂ ಮೆನೆಜಿಸರನ್ನೂ ಬಂಧಿಸಿ ಆಮೇಲೆ ಬಿಟ್ಟರು.

ಗೋವಾದವರಿಗೆ ಜೂನ್ 18 ಕ್ರಾಂತಿ ದಿನ. ಆ ಮೈದಾನಕ್ಕೆ ಈಗ ಲೋಹಿಯಾ ಮೈದಾನವೆಂದೇ ಹೆಸರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೋಹಿಯಾ ಮತ್ತೆ ಬಂದಾಗ ಅವರನ್ನು ಕುಳೆ ಸ್ಟೇಶನ್ನಿನಲ್ಲೇ ಹಿಡಿದು ಅಗ್ವಾದ ಕೋಟೆಯ ಜೈಲಿಗೆ ಹಾಕಿದರು. ವಾಸ್ಕೋದಿಂದ ಹುಬ್ಬಳ್ಳಿಗೆ ಹೋಗುವ ನಾವೆಲ್ಲ ಘಟ್ಟ ಹತ್ತುವ ಮೊದಲು ಸಿಗುವ ಅದೇ ಕುಳೆ. ದೂಧಸಾಗರ ನೋಡಬೇಕೆಂದು ಕಿಟಕಿಯ ಬದಿಗೆ ಜಾಗ ಹಿಡಿಯುವ ತರಾತುರಿಯಲ್ಲಿ ಆ ಸ್ಟೇಶನ್ನಿನ ಹೆಸರು ಎಷ್ಟು ಜನರ ಕಣ್ಣಿಗೆ ಬೀಳುತ್ತದೋ!

ಲೋಹಿಯಾ ಹೊರಗಿನವರು, ಅವರನ್ನು ಗಡಿ ದಾಟಿಸಿದರೆ ಸರಕಾರದ ಪಾಲಿಗೆ ಕೆಲಸ ಮುಗಿಯಿತು. ಬೆಲೆ ತೆತ್ತವರು ಅವರ ಹಿಂದೆ ಎದ್ದ ಗೋವಾದವರು. ಕುನ್ಹಾ ಅವರಿಗೆ ಎಂಟು ವರ್ಷ ಶಿಕ್ಷೆಯಾಗಿ ಪೆನಿಶ್‌ಗೆ ಕಳಿಸಿದರು. ಪುರುಷೋತ್ತಮ ಕಾಕೋಡ್ಕರ್, ಲಕ್ಷ್ಮೀಕಾಂತ ಭೆಂಬ್ರೆ, ಡಾ. ರಾಮ ಹೆಗಡೆ, ಜೋಸೆ ಇನಾಸಿಯೊ ಲೊಯೊಲಾ ಕೂಡ ಪೋರ್ಚುಗಲ್ಲಿನ ದಾರಿ ಹಿಡಿಯಬೇಕಾಯಿತು. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಗೋವಾದ ಕ್ರೈಸ್ತರೆಲ್ಲ ಪೋರ್ಚುಗೀಸರ ಪರ, ಹಿಂದೂಗಳೆಲ್ಲ ಭಾರತದ ಪರ ಎಂದು ನಮ್ಮ ಕಡೆ ಈಗಲೂ ಸಲೀಸಾಗಿ ಮಾತಾಡುವವರಿದ್ದಾರೆ. ಪೆನಿಶ್ ಕೋಟೆಯ ಕೈದಿಗಳ ಪಟ್ಟಿ ಆ ಮಾತನ್ನು ಒಪ್ಪುವುದಿಲ್ಲ. ಕುನ್ಹಾ ಆಮೇಲೆ ಪೋರ್ಚುಗಲ್ಲಿನಿಂದ ಪ್ಯಾರಿಸ್‌ಗೆ ತಪ್ಪಿಸಿಕೊಂಡು, 1953ರಲ್ಲಿ ಮುಂಬೈ ಸೇರಿ, 1958ರಲ್ಲಿ ಅಲ್ಲೇ ತೀರಿಕೊಂಡರು. ಬಿಡುಗಡೆಯಾದ ಗೋವಾವನ್ನು ಅವರು ನೋಡಲಿಲ್ಲ. ಪಣಜಿಯ ಆಜಾದ್ ಮೈದಾನದ ಸ್ಮಾರಕದಲ್ಲಿ ಅವರ ಅಸ್ಥಿಯಿದೆ.

ದಿಲ್ಲಿ ಯಾಕೆ ಕಾಯಿತು

1947ರಲ್ಲಿ ಬ್ರಿಟಿಷರು ಹೋದರು. 1954ರಲ್ಲಿ ಫ್ರೆಂಚರು ಪುದುಚೇರಿ ಬಿಟ್ಟುಕೊಟ್ಟರು. ಪೋರ್ಚುಗೀಸರೂ ಹಾಗೇ ಹೋಗುತ್ತಾರೆಂದು ನೆಹರೂ ನಂಬಿದ್ದರು. ಸಾಲಾಜಾರ್ ಅದಕ್ಕೊಂದು ಕಾನೂನಿನ ಬೀಗ ಹಾಕಿದ. 1951ರಲ್ಲಿ ಸಂವಿಧಾನ ತಿದ್ದಿ, ವಸಾಹತುಗಳೇ ಇಲ್ಲ, ಇರುವುದೆಲ್ಲ ಪೋರ್ಚುಗಲ್ಲಿನ ಸಮುದ್ರದಾಚೆಯ ಪ್ರಾಂತ್ಯಗಳು ಎಂದು ಬರೆಸಿದ. ಗೋವಾ ವಸಾಹತೇ ಅಲ್ಲ ಎಂದ ಮೇಲೆ ಅದನ್ನು ಬಿಟ್ಟುಕೊಡುವ ಮಾತುಕತೆಗೆ ಕೂರುವುದಾದರೂ ಯಾಕೆ? ಅದರ ಮೇಲೆ 1949ರಿಂದ ಪೋರ್ಚುಗಲ್ ನೇಟೊ ಕೂಟದ ಸದಸ್ಯ. ಅಮೆರಿಕ, ಬ್ರಿಟನ್ ಅವನ ಜೊತೆಗಾರರು. ಇತ್ತ ನೆಹರೂ ಜಗತ್ತಿನ ಎಲ್ಲ ವೇದಿಕೆಗಳಲ್ಲಿ ಯುದ್ಧ ಬೇಡ, ಮಾತುಕತೆ ಆಗಲಿ ಎಂದು ಹೇಳುತ್ತಿದ್ದವರು. ಆರು ಲಕ್ಷ ಜನರ ಪುಟ್ಟ ಗೋವಾದ ಮೇಲೆ ಸೈನ್ಯ ನುಗ್ಗಿಸಿದರೆ ಆ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ ಎಂಬುದು ಅವರ ಅಳುಕು.

ಆ ಅಳುಕು ಅರ್ಥವಾಗುತ್ತದೆ. ಆದರೆ ಅದರ ಖರ್ಚು ಹೊತ್ತವರು ದಿಲ್ಲಿಯವರಲ್ಲ ಎಂಬುದನ್ನೂ ಮರೆಯಬಾರದು.

1954ರ ಜುಲೈ-ಆಗಸ್ಟ್‌ನಲ್ಲಿ ಗುಜರಾತ್-ಮಹಾರಾಷ್ಟ್ರದ ಅಂಚಿನಲ್ಲಿ ಪೋರ್ಚುಗೀಸರ ಕೈಯಲ್ಲೇ ಇದ್ದ ದಾದ್ರಾ ಮತ್ತು ನಗರ್ ಹವೇಲಿಯನ್ನು ಸ್ವಯಂಸೇವಕರೇ ಬಿಡಿಸಿಕೊಂಡರು. ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಆ ಪ್ರದೇಶಗಳಿಗೆ ಭಾರತದ ನೆಲದ ಮೂಲಕ ಹಾದುಹೋಗುವ ಹಕ್ಕು ನಮಗಿದೆ ಎಂಬುದು ಅದರ ವಾದ. 1960ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಸಾಮಾನ್ಯ ಜನ, ಅಧಿಕಾರಿಗಳು, ಸರಕು ಹಾದುಹೋಗುವ ಹಕ್ಕು ಇತ್ತು, ಸೈನ್ಯಕ್ಕೆ, ಶಸ್ತ್ರಸಜ್ಜಿತ ಪೊಲೀಸರಿಗೆ ಇರಲಿಲ್ಲ, ಭಾರತ ತಡೆದದ್ದು ತಪ್ಪಲ್ಲ. ಇಬ್ಬರೂ ಗೆದ್ದೆವೆನ್ನಬಹುದಾದ ತೀರ್ಪು.

ದಾದ್ರಾದ ಯಶಸ್ಸು ಗೋವಾದಲ್ಲೂ ಆದೀತೆಂಬ ಆಸೆ ಎಲ್ಲರಲ್ಲೂ ಹುಟ್ಟಿತು. ಪುಣೆಯಲ್ಲಿ ಗೋವಾ ವಿಮೋಚನ ಸಹಾಯಕ ಸಮಿತಿ ಕಟ್ಟಿದರು. ಪಕ್ಷಭೇದ ಮರೆತು ಸಮಾಜವಾದಿಗಳು, ಕಮ್ಯುನಿಸ್ಟರು, ಜನಸಂಘದವರು ಎಲ್ಲರೂ ಬಂದರು. 1955ರ ಮೇ 18ರಂದು ನಾನಾಸಾಹೇಬ ಗೋರೆ, ಸೇನಾಪತಿ ಬಾಪಟ್ ಅವರ ಮೊದಲ ತಂಡ ಗಡಿ ದಾಟಿ ಹೊಡೆತ ತಿಂದಿತು. ಆಮೇಲೆ ಒಂದರ ಹಿಂದೆ ಒಂದು ತಂಡ. ನಮ್ಮ ನರಗುಂದದ ಜಗನ್ನಾಥರಾವ್ ಜೋಶಿ, ಆಮೇಲೆ ಕರ್ನಾಟಕ ಕೇಸರಿ ಎನಿಸಿಕೊಂಡವರು, ಜನಸಂಘದ ತಂಡ ಕಟ್ಟಿಕೊಂಡು ಬಂದು ಅಗ್ವಾದ ಜೈಲು ಸೇರಿದರು. ಸಮಾಜವಾದಿ ಮಧು ಲಿಮಯೆ ಅವರಿಗೆ ಸಿಕ್ಕ ಶಿಕ್ಷೆ ಹನ್ನೆರಡು ವರ್ಷ. ಬಂಗಾಳದ ತ್ರಿದಿಬ್ ಚೌಧುರಿಯೂ ಒಳಗಿದ್ದರು. ಇವರೆಲ್ಲ 1957ರಲ್ಲಿ ಹೊರಬಂದರು. ಇಂದು ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳ ಹಿರಿಯರು ಒಂದೇ ಜೈಲಿನ ಅನ್ನ ಉಂಡಿದ್ದರು ಎಂಬುದು ಈಗಿನ ಹುಡುಗರಿಗೆ ನಂಬಿಕೆ ಬರುವ ಮಾತಲ್ಲ.

ಅದೇ 1955ರ ಆಗಸ್ಟ್ 15ರಂದು, ದೇಶದೆಲ್ಲೆಡೆ ಧ್ವಜ ಏರುತ್ತಿದ್ದ ದಿನ, ಮೂರು ಸಾವಿರಕ್ಕೂ ಹೆಚ್ಚು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವಾದ ಗಡಿ ದಾಟಲು ಹೊರಟರು. ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡವರು ಅದಕ್ಕೂ ಎಷ್ಟೋ ಪಟ್ಟು. ಉತ್ತರದ ಪತ್ರಾದೇವಿಯಲ್ಲಿ ಮಧ್ಯಪ್ರದೇಶದ ಸಹೋದ್ರಾಬಾಯಿ ರಾಯ್ ಧ್ವಜ ಹಿಡಿದು ನಡೆದಿದ್ದರು, ಗುಂಡು ತಗುಲಿತು. ಪಂಜಾಬಿನ ತರುಣ ಕರ್ನೈಲ್ ಸಿಂಗ್ ಬೇನಿಪಾಲ್ ಅಲ್ಲೇ ಎದೆಗೆ ಗುಂಡು ತಿಂದು ಬಿದ್ದ. ಸಹೋದ್ರಾಬಾಯಿ ಬದುಕಿ ಉಳಿದು ಮುಂದೆ ಲೋಕಸಭೆಗೆ ಆಯ್ಕೆಯಾದರು. ಪಂಜಾಬಿನವನಿಗೆ ಗೋವಾದಲ್ಲಿ ಏನು ಕೆಲಸ ಎಂದು ಆಗ ಯಾರೂ ಕೇಳಲಿಲ್ಲ. ಘಟ್ಟದ ಮೇಲಿನವರೆಂದು ಇಲ್ಲಿ ಒಂದೊಂದು ಸಲ ಮಾತು ಕೇಳಿಸಿಕೊಳ್ಳುವ ನಮ್ಮಂಥವರಿಗೆ ಪತ್ರಾದೇವಿಯ ಹುತಾತ್ಮ ಸ್ಮಾರಕದ ಮುಂದೆ ನಿಂತಾಗ ಇದು ನೆನಪಾಗದೆ ಇರುವುದಿಲ್ಲ.

ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ನುಂಗಲಾರದ ತುತ್ತು ಇದೇ. ದಿಲ್ಲಿ ಸತ್ಯಾಗ್ರಹಿಗಳನ್ನು ತಡೆಯಲೂ ಇಲ್ಲ, ಅವರ ಹಿಂದೆ ನಿಲ್ಲಲೂ ಇಲ್ಲ. ಅಷ್ಟು ಹೆಣ ಬಿದ್ದ ಮೇಲೆ, ಸೆಪ್ಟೆಂಬರಿನಲ್ಲಿ, ಗಡಿ ದಾಟಿ ಹೋಗುವ ಸತ್ಯಾಗ್ರಹವನ್ನೇ ನಿಷೇಧಿಸಿತು. ಬ್ರಿಟಿಷರ ಮುಂದೆ ಫಲಿಸಿದ ಮಂತ್ರ ಸಾಲಾಜಾರನ ಮುಂದೆ ಫಲಿಸುವುದಿಲ್ಲವೆಂದು ತಿಳಿಯಲು ಅಷ್ಟು ಜೀವ ಬೇಕಾಯಿತು.

ಗೋವಾದ ಒಳಗಿನವರ ಪಾಡು ಬೇರೆಯೇ. ಸುಧಾತಾಯಿ ಜೋಶಿ 1955ರ ಏಪ್ರಿಲ್‌ನಲ್ಲಿ ಮಾಪುಸಾದಲ್ಲಿ ನ್ಯಾಶನಲ್ ಕಾಂಗ್ರೆಸ್ ಗೋವಾದ ಅಧಿವೇಶನ ನಡೆಸಲು ಹೋಗಿ ಬಂಧಿತರಾಗಿ 1959ರ ತನಕ ಜೈಲಿನಲ್ಲಿದ್ದರು. ಸಶಸ್ತ್ರ ಹೋರಾಟಕ್ಕೆ ಇಳಿದಿದ್ದ ಆಜಾದ್ ಗೋಮಂತಕ ದಳದ ಬಾಳಾ ರಾಯಾ ಮಾಪಾರಿ ಅದೇ ವರ್ಷ ಪೊಲೀಸರ ಚಿತ್ರಹಿಂಸೆಗೆ ಕಸ್ಟಡಿಯಲ್ಲೇ ಪ್ರಾಣಬಿಟ್ಟರು. ಕಾಸಿಮಿರೊ ಮೊಂತೆರೊ ಎಂಬ ಪೊಲೀಸ್ ಅಧಿಕಾರಿಯ ಹೆಸರು ಕೇಳಿದರೆ ಹಳಬರು ಈಗಲೂ ಮುಖ ಸಿಂಡರಿಸುತ್ತಾರೆ. ಅವನೇ ಮುಂದೆ 1965ರಲ್ಲಿ ಸಾಲಾಜಾರನ ಎದುರಾಳಿ ಜನರಲ್ ಡೆಲ್ಗಾಡೊ ಅವರ ಕೊಲೆಯಲ್ಲೂ ಇದ್ದವನು. ಗೋವಾದಲ್ಲಿ ಕಲಿತ ವಿದ್ಯೆಯನ್ನು ತಿರುಗಿ ತನ್ನ ಯಜಮಾನನ ದೇಶದವರ ಮೇಲೇ ಪ್ರಯೋಗಿಸಿದ.

ಮುಚ್ಚಿದ ರೈಲು, ಕಾಡಿನ ರೇಡಿಯೊ

ಸತ್ಯಾಗ್ರಹ ನಿಲ್ಲಿಸಿದ ಭಾರತ ಕೈಗೆತ್ತಿಕೊಂಡದ್ದು ಆರ್ಥಿಕ ದಿಗ್ಬಂಧನ. ಗಡಿ ಮುಚ್ಚಿತು. ಮುರಗಾಂವದಿಂದ ಕ್ಯಾಸಲ್‌ರಾಕ್ ಮೂಲಕ ಲೋಂಡಾ, ಹುಬ್ಬಳ್ಳಿ ಕಡೆ ಹೋಗುವ ರೈಲು ನಿಂತಿತು. ಗೋವಾದ ಅಡುಗೆಮನೆ ನಡೆಯುತ್ತಿದ್ದದ್ದು ಘಟ್ಟದ ಮೇಲಿನಿಂದ ಇಳಿಯುವ ಅಕ್ಕಿ, ಕಾಯಿಪಲ್ಲೆಯಿಂದ. ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದದ್ದು ಮುಂಬೈಯಲ್ಲಿ ದುಡಿಯುವ ಮಕ್ಕಳು ಕಳಿಸುವ ದುಡ್ಡಿನಿಂದ. ಅವೆರಡಕ್ಕೂ ಕುತ್ತು ಬಂತು. ಮುಂಬೈಯಲ್ಲಿದ್ದ ಗೋವಾದವರು ಊರಿಗೆ ಹೋಗಲು ಪರ್ಮಿಟ್ ಬೇಕಾಯಿತು. ತಾಯಿ ಸತ್ತ ಸುದ್ದಿ ಬಂದರೂ ಹೊರಟು ನಿಲ್ಲುವ ಹಾಗಿರಲಿಲ್ಲ.

ಆದರೆ ದಿಗ್ಬಂಧನದ ಗುರಿ ಸಾಲಾಜಾರ್ ತಾನೆ? ಅವನಿಗೆ ತಾಕಿದ್ದು ಕಡಿಮೆ. ಗೋವಾದ ಕಬ್ಬಿಣದ ಅದಿರಿಗೆ ಜಪಾನಿನಲ್ಲಿ ಗಿರಾಕಿ ಸಿಕ್ಕಿದ್ದ ಕಾಲ ಅದು. ಗಣಿ ಮಾಲೀಕರು ಏಳಿಗೆಯಾದರು, ಸರಕಾರದ ಬೊಕ್ಕಸ ತುಂಬಿತು. ಆಲೂಗಡ್ಡೆ ಹಾಲೆಂಡಿನಿಂದ ಬಂತು, ಸಿಮೆಂಟು ಜಪಾನಿನಿಂದ ಬಂತು. ಬಂದರಿನಲ್ಲಿ ವಿದೇಶಿ ಮಾಲು ಇಳಿಯುತ್ತಿದ್ದಾಗ ಹಳ್ಳಿಯ ಬಡವ ಅಕ್ಕಿಗೆ ಪರದಾಡುತ್ತಿದ್ದ. ದಿಗ್ಬಂಧನ ಬಿಗಿದದ್ದು ಬಡವನ ಹೊಟ್ಟೆಯನ್ನು. ಸ್ವಾತಂತ್ರ್ಯದ ಬೆಲೆ ಎಂದು ಹೇಳುವಾಗ ಗುಂಡು, ಜೈಲು ಮಾತ್ರ ಎಣಿಸುವ ನಾವು ಈ ಲೆಕ್ಕವನ್ನು ಬಿಟ್ಟುಬಿಡುತ್ತೇವೆ, ಯಾಕೆಂದರೆ ಇದಕ್ಕೆ ಸ್ಮಾರಕ ಕಟ್ಟುವ ಹಾಗಿಲ್ಲ.

ಸೆನ್ಸಾರನ್ನು ಭೇದಿಸಿದ್ದು ಒಂದು ರೇಡಿಯೊ. 1955ರ ನವೆಂಬರ್ 25ರಂದು, ಅಲ್ಬುಕರ್ಕ್ ಗೋವಾ ಗೆದ್ದ ದಿನವೇ, ಸ್ವಾತಂತ್ರ್ಯದ ಧ್ವನಿ ಎಂಬ ಗುಪ್ತ ಕೇಂದ್ರ ಆಂಬೋಲಿ ಘಟ್ಟದ ಕಾಡಿನಿಂದ ಮಾತಾಡತೊಡಗಿತು. ಆಮೇಲೆ ಅದು ನೆಲೆ ಬದಲಿಸಿದ್ದು ನಮ್ಮ ಕ್ಯಾಸಲ್‌ರಾಕಿಗೆ. ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ ಸುದ್ದಿ ಓದುತ್ತಿದ್ದರು. ಪಣಜಿಯ ಪತ್ರಿಕೆ ಮುಚ್ಚಿಟ್ಟದ್ದು, ಅಂಗೋಲಾದಲ್ಲಿ ಆಗುತ್ತಿರುವುದು, ಲಿಸ್ಬನ್ನಿನ ಸುಳ್ಳುಗಳಿಗೆ ಉತ್ತರ ಎಲ್ಲವೂ ಅದರಲ್ಲಿ. ಗೋವಾದವರು ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು. ಕ್ಯಾಸಲ್‌ರಾಕಿನ ಮಳೆ ಎಂಥದೆಂದು ಜೋಯಿಡಾ ಕಡೆಯವರನ್ನು ಕೇಳಬೇಕು. ಆ ಮಳೆಯಲ್ಲಿ, ಜಿಗಣೆ, ಹಾವುಗಳ ನಡುವೆ, ಇಬ್ಬರು ತರುಣರು ಆರು ವರ್ಷ ಮೈಕಿನ ಮುಂದೆ ಕೂತರು.

ಕೊನೆಗೆ ಡಿಸೆಂಬರ್

1960-61ರಲ್ಲಿ ಗಾಳಿ ತಿರುಗಿತು. 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗೋವಾ, ಅಂಗೋಲಾ, ಮೊಜಾಂಬಿಕ್ ಎಲ್ಲವೂ ಸ್ವಯಮಾಡಳಿತವಿಲ್ಲದ ಪ್ರದೇಶಗಳೇ ಎಂದು ಠರಾವು ಮಾಡಿತು. ಸಾಲಾಜಾರ್ 1951ರಲ್ಲಿ ಹಾಕಿದ ಬೀಗ ಅಲ್ಲಿಗೆ ಮುರಿಯಿತು. ಮರುವರ್ಷ ಅಂಗೋಲಾದಲ್ಲಿ ದಂಗೆಯೆದ್ದಿತು. ಗೋವಾವನ್ನೇ ಬಿಡಿಸಲಾರದ ಭಾರತ ನಮಗೇನು ಮಾಡೀತು ಎಂಬ ಪ್ರಶ್ನೆಯನ್ನು ಆಫ್ರಿಕಾದ ನಾಯಕರು ದಿಲ್ಲಿಗೇ ಬಂದು ಎತ್ತಿದರು. ಯುದ್ಧ ಮಾಡಿದರೆ ಮಾನ ಹೋದೀತು ಎಂದು ಅಂಜಿದ್ದವರಿಗೆ ಈಗ ಮಾಡದಿದ್ದರೇ ಮಾನ ಉಳಿಯದೆಂಬ ಸ್ಥಿತಿ ಬಂತು.

ಕಿಡಿ ಹೊತ್ತಿದ್ದು ಕಾರವಾರದ ಎದುರಿಗೆ ಪೋರ್ಚುಗೀಸರ ವಶದಲ್ಲಿದ್ದ ಅಂಜದೀವ್ ದ್ವೀಪದಲ್ಲಿ. 1961ರ ನವೆಂಬರ್ 17ರಂದು ಅಲ್ಲಿಂದ ಸಾಬರಮತಿ ಎಂಬ ಭಾರತದ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಒಂದು ವಾರ ಕಳೆಯುವಷ್ಟರಲ್ಲಿ ಮೀನುಗಾರ ರಾಜಾರಾಮ ಕೋಚರೇಕರ್ ಗುಂಡಿಗೆ ಬಲಿಯಾದ.

ಮುಂದಿನದು ಎಲ್ಲರಿಗೂ ಗೊತ್ತಿರುವ ಆಪರೇಶನ್ ವಿಜಯ್, ಬೇಗ ಹೇಳಿ ಮುಗಿಸುತ್ತೇನೆ. ಸೈನ್ಯ ಜಮಾಯಿಸಿದ್ದು ಬೆಳಗಾವಿಯಲ್ಲಿ. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಜನ್ ಮೋಲೆಂ, ಫೋಂಡಾ ದಾರಿಯಾಗಿ ನುಗ್ಗಿತು. ಬ್ರಿಗೇಡಿಯರ್ ಸಗತ್ ಸಿಂಗ್ ಅವರ ಪ್ಯಾರಾ ಬ್ರಿಗೇಡ್ ಉತ್ತರದಿಂದ ಬಂತು. ಶತ್ರುವಿನ ಗಮನ ಬೇರೆಡೆಗೆ ಸೆಳೆಯಲೆಂದು ಕಾರವಾರದ ಮಾಜಾಳಿ ಕಡೆಯಿಂದಲೂ ಒಂದು ತುಕಡಿ ಹೊರಟಿತು. ಬೆಳಗಾವಿಯ ಸಾಂಬ್ರಾದಿಂದ, ಪುಣೆಯಿಂದ ವಿಮಾನಗಳು ಹಾರಿ ದಾಬೋಳಿಯ ರನ್‌ವೇ, ಬಾಂಬೋಳಿಯ ರೇಡಿಯೊ ಕೇಂದ್ರಗಳ ಮೇಲೆ ಬಾಂಬು ಹಾಕಿದವು. ಪೋರ್ಚುಗೀಸರು ಬೋರಿ, ಬಾಣಸ್ತಾರಿಯ ಸೇತುವೆಗಳನ್ನು ಉಡಾಯಿಸಿ ಹಿಂದೆ ಸರಿದರು. ಬಂದರಿನಲ್ಲಿ ಅವರ ಯುದ್ಧನೌಕೆ ನಮ್ಮ ಬೇತ್ವಾ, ಬಿಯಾಸ್ ನೌಕೆಗಳ ಏಟಿಗೆ ದಡಕ್ಕೆ ಹೋಗಿ ಸಿಕ್ಕಿಬಿತ್ತು. ಅದರ ಹೆಸರು ಅಫೊನ್ಸೊ ದ ಅಲ್ಬುಕರ್ಕ್! ಕತೆ ಕಟ್ಟುವವನು ಇದನ್ನು ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಅಂಜದೀವಿನಲ್ಲಿ ಬಿಳಿ ಬಾವುಟ ಕಂಡು ಇಳಿದ ಮೇಲೆ ಗುಂಡಿನ ದಾಳಿಗೆ ಸಿಕ್ಕೆವೆಂದು ನಮ್ಮ ನೌಕಾಪಡೆ ಹೇಳುತ್ತದೆ. ಏಳು ಮಂದಿ ನಾವಿಕರು ಅಲ್ಲಿ ಸತ್ತರು. ಅಗ್ವಾದದಲ್ಲಿ ಒಳಗಿದ್ದ ಕೈದಿಗಳನ್ನು ಬಿಡಿಸಲು ಹೋದ ಮೇಜರ್ ಶಿವದೇವ್ ಸಿಂಗ್ ಸಿಧು, ಕ್ಯಾಪ್ಟನ್ ವಿನೋದ್ ಸೆಹಗಲ್ ಕೋಟೆಯ ಗುಂಡಿಗೆ ಬಲಿಯಾದರು. ಬಿಡುಗಡೆಗೆ ಇನ್ನೊಂದೇ ದಿನ ಉಳಿದಿತ್ತು. ಕಾರ್ಯಾಚರಣೆಯಲ್ಲಿ ಸತ್ತ ಭಾರತೀಯರು 22, ಪೋರ್ಚುಗೀಸರು 30. ಡಿಸೆಂಬರ್ 19ರ ರಾತ್ರಿ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ವಾಸ್ಕೋದಲ್ಲಿ ಶರಣಾಗತಿಗೆ ಸಹಿ ಹಾಕಿದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧ ಬಂದ ಠರಾವನ್ನು ಸೋವಿಯತ್ ವೀಟೊ ಉರುಳಿಸಿತು.

ಶತ್ರುವಿನ ಕಡೆಯವರಾದರೂ ಈ ವಸಾಲೊ ಇ ಸಿಲ್ವಾ ಬಗ್ಗೆ ಎರಡು ಮಾತು ಹೇಳಲೇಬೇಕು. ಸಾಲಾಜಾರ್ ಅವರಿಗೆ ಕಳಿಸಿದ ಆಜ್ಞೆಯ ಸಾರ ಇಷ್ಟು: ಗೆಲ್ಲಿ, ಇಲ್ಲವೇ ಸಾಯಿರಿ, ಶರಣಾಗಬೇಡಿ. ಕೈಯಲ್ಲಿದ್ದದ್ದು ಮೂರ್ನಾಲ್ಕು ಸಾವಿರ ಸೈನಿಕರು, ಯುದ್ಧವಿಮಾನ ಒಂದೂ ಇಲ್ಲ. ಆಜ್ಞೆ ಪಾಲಿಸಿದ್ದರೆ ಪಣಜಿ, ವಾಸ್ಕೋ ಸುಟ್ಟು ಬೂದಿಯಾಗುತ್ತಿದ್ದವು. ಅವರು ಪಾಲಿಸಲಿಲ್ಲ. 1963ರಲ್ಲಿ ಅವರನ್ನು ಸೈನ್ಯದಿಂದ ಹೊರಹಾಕಿದರು. 1974ರಲ್ಲಿ ಸರ್ವಾಧಿಕಾರ ಉರುಳಿದ ಮೇಲಷ್ಟೇ ಅವರ ಪದವಿ ಮರಳಿ ಬಂತು.

19ರ ನಂತರವೂ ಜೈಲಿನಲ್ಲಿದ್ದವರು

ಡಿಸೆಂಬರ್ 19ಕ್ಕೆ ಎಲ್ಲ ಮುಗಿಯಿತೆಂದು ತಿಳಿದರೆ ಮೋಹನ ರಾನಡೆ ಅವರ ಬದುಕು ಅರ್ಥವಾಗುವುದಿಲ್ಲ. ಸಾಂಗ್ಲಿಯಲ್ಲಿ ಹುಟ್ಟಿ, ಗೋವಾದಲ್ಲಿ ಮೇಷ್ಟ್ರಾಗಿ, ಆಜಾದ್ ಗೋಮಂತಕ ದಳ ಸೇರಿ ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದವರು ಅವರು. 1955ರ ಅಕ್ಟೋಬರಿನಲ್ಲಿ ಬೆತಿ ಠಾಣೆಯ ದಾಳಿಯಲ್ಲಿ ಗಾಯಗೊಂಡು ಸಿಕ್ಕಿಬಿದ್ದರು. ಶಿಕ್ಷೆ ಇಪ್ಪತ್ತಾರು ವರ್ಷ. ಪೋರ್ಚುಗಲ್ಲಿಗೆ ಸಾಗಿಸಿದರು. ಗೋವಾ ಸ್ವತಂತ್ರವಾಯಿತು, ಪೋರ್ಚುಗೀಸ್ ಯುದ್ಧಕೈದಿಗಳನ್ನು ಭಾರತ 1962ರಲ್ಲಿ ಹಡಗು, ವಿಮಾನ ಹತ್ತಿಸಿ ಮರಳಿಸಿತು. ರಾನಡೆ ಮಾತ್ರ ಲಿಸ್ಬನ್ ಬಳಿಯ ಕಾಶಿಯಾಸ್ ಜೈಲಿನಲ್ಲೇ ಉಳಿದರು. ಪೋರ್ಚುಗಲ್ಲಿನ ಲೆಕ್ಕದಲ್ಲಿ ಗೋವಾ ಇನ್ನೂ ಅವರದೇ ಪ್ರಾಂತ್ಯ, ರಾನಡೆ ಅದರ ಅಪರಾಧಿ. ತಮಿಳುನಾಡಿನ ಮುಖ್ಯಮಂತ್ರಿ ಅಣ್ಣಾದುರೈ ಪೋಪರನ್ನು ಭೇಟಿಯಾದಾಗ ತಮಗಾಗಿ ಏನೂ ಕೇಳದೆ ರಾನಡೆಯ ಬಿಡುಗಡೆ ಕೇಳಿದರು. 1969ರ ಜನವರಿಯಲ್ಲಿ ರಾನಡೆ ಹೊರಬಂದರು. ಗೋವಾ ಬಿಡುಗಡೆಯಾಗಿ ಏಳು ವರ್ಷ ಕಳೆದಿತ್ತು. ಕವಿ, ಪತ್ರಕರ್ತ ತೆಲೊ ದ ಮಸ್ಕರೆನ್ಹಸ್ ಅವರಿಗೆ 1970ರ ತನಕ ಕಾಯಬೇಕಾಯಿತು. ರಾನಡೆ 2019ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ಈ ನಡುವೆ ಗೋವಾದ ಜನ ತಮ್ಮ ಭವಿಷ್ಯವನ್ನು ತಾವೇ ತೀರ್ಮಾನಿಸಿದ್ದರು. ಮಹಾರಾಷ್ಟ್ರದಲ್ಲಿ ಸೇರಬೇಕೋ ಬೇರೆಯಾಗಿ ಉಳಿಯಬೇಕೋ ಎಂದು 1967ರ ಜನವರಿ 16ರಂದು ಜನಮತ ಗಣನೆ ನಡೆಯಿತು. 34,021 ಮತಗಳ ಅಂತರದಿಂದ ಬೇರೆಯಾಗಿ ಉಳಿಯುವ ಪಕ್ಷ ಗೆದ್ದಿತು. ಸಾಲಾಜಾರನ ಕಾಲದಲ್ಲಿ ಕರೆಯೋಲೆ ಅಚ್ಚು ಹಾಕಲು ಅಪ್ಪಣೆ ಬೇಡುತ್ತಿದ್ದವರು ಆರನೇ ವರ್ಷಕ್ಕೆ ತಮ್ಮ ನಾಡಿನ ನಕಾಶೆಯನ್ನೇ ಮತ ಹಾಕಿ ನಿರ್ಧರಿಸಿದರು. 1987ರ ಮೇ 30ಕ್ಕೆ ರಾಜ್ಯದ ಸ್ಥಾನವೂ ಬಂತು. ಹಾಗಾಗಿ ಗೋವಾದ ಕ್ಯಾಲೆಂಡರಿನಲ್ಲಿ ಜೂನ್ 18, ಆಗಸ್ಟ್ 15, ಡಿಸೆಂಬರ್ 19, ಮೇ 30 ಎಂದು ಇಷ್ಟೊಂದು ದಿನಗಳು.

ಪೋರ್ಚುಗಲ್ ಗೋವಾದ ಮೇಲಿನ ಭಾರತದ ಹಕ್ಕನ್ನು ಒಪ್ಪಿ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು. ಕ್ಯಾಸಲ್‌ರಾಕಿನ ಕಾಡಿನಿಂದ ಮಾತಾಡುತ್ತಿದ್ದ ಲಿಬಿಯಾ ಲೋಬೊ ಸರ್ದೇಸಾಯಿ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ಅವರಿಗೆ ನೂರು ತುಂಬಿದ ಮೇಲೆ. ಅಗ್ವಾದ ಜೈಲನ್ನು ಈಗ ಸಂಗ್ರಹಾಲಯ ಮಾಡಿದ್ದಾರೆ. ಊರಿನಿಂದ ನೆಂಟರು ಬಂದಾಗ ಕಲಂಗುಟ್ ಬೀಚಿಗೆ ಕರೆದೊಯ್ಯುತ್ತೀರಲ್ಲ, ಅಲ್ಲಿಂದ ಅಗ್ವಾದ ಬಹಳ ದೂರವೇನಿಲ್ಲ.